ಬೌದ್ಧ ಸಂವಾದ ಪರಂಪರೆ: ಕೃಷ್ಣೆಯ ದಡದಿಂದ ಲೋಕಶಾಂತಿಯವರೆಗೆ

ವ್ಯಕ್ತಿಗಳ, ಪಂಥಗಳ, ರಾಜ್ಯಗಳ ನಡುವೆ ಏಳುವ ಕಲಹವನ್ನು ಎದುರುಬದುರು ಕೂತು ಆಡುವ ಮಾತಿನಿಂದಲೇ ತಣಿಸಬೇಕು ಎಂಬ ಚಿಂತನೆಯನ್ನೂ ಅದಕ್ಕಾಗಿ ಬೌದ್ಧರು ಕಟ್ಟಿಕೊಂಡ ನಿಯಮ, ಗ್ರಂಥ ಮತ್ತು ಸಂಸ್ಥೆಗಳನ್ನೂ ಒಟ್ಟಾಗಿ ಬೌದ್ಧ ಸಂವಾದ ಪರಂಪರೆ ಎನ್ನಬಹುದು. ಹುಟ್ಟಿದ್ದು ಗಂಗೆಯ ಬಯಲಿನಲ್ಲಾದರೂ ಅದರ ಕೆಲವು ದೊಡ್ಡ ಘಟ್ಟಗಳು ನಡೆದದ್ದು ದಕ್ಷಿಣದಲ್ಲಿ, ಅದರಲ್ಲೂ ಕೃಷ್ಣಾ ಕೊಳ್ಳದಲ್ಲಿ. ಭೀಮೆಯ ದಡದ ಸನ್ನತಿ, ರಾಯಚೂರು ಸೀಮೆಯ ಮಸ್ಕಿ, ಈಗ ಜಲಾಶಯದ ನೀರಿನಡಿ ಇರುವ ನಾಗಾರ್ಜುನಕೊಂಡದ ಕಣಿವೆ, ಅಮರಾವತಿಯ ಧಾನ್ಯಕಟಕ, ವಿಜಯವಾಡದ ಹಳೆಯ ಪೇಟೆಯಾದ ಒನ್ ಟೌನ್ ಇವೆಲ್ಲ ಈ ಒಂದೇ ಕೊಳ್ಳದ ಊರುಗಳು. ಉತ್ತರಕ್ಕೆ ಕಡಲ ದಂಡೆಯ ವಿಶಾಖಪಟ್ಟಣದಲ್ಲೂ ಒನ್ ಟೌನ್ ಎಂಬ ಹಳೆಯ ಊರಿದೆ. ಅದರ ಆಚೆಯ ಗುಡ್ಡಗಳ ಮೇಲೆ ಬೌದ್ಧ ವಿಹಾರಗಳ ಸಾಲೇ ಇದೆ.

ಪ್ರಾಚೀನ ಕಾಲದಲ್ಲಿ ಕನ್ನಡ ಮತ್ತು ತೆಲುಗು ನಾಡುಗಳನ್ನು ಹೆಣೆದಿದ್ದ ಈ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿ ಟಿಬೆಟ್ಟಿನ ನಿರಾಶ್ರಿತರೊಂದಿಗೆ ಕರ್ನಾಟಕಕ್ಕೆ ಮತ್ತೆ ಬಂದಿತು. ಇಂದು ಅದು ಜೀವಂತವಾಗಿ, ದಿನವೂ, ದೊಡ್ಡ ಸಂಖ್ಯೆಯಲ್ಲಿ ನಡೆಯುವ ಜಾಗಗಳಲ್ಲಿ ಮುಂಡಗೋಡು ಮತ್ತು ಬೈಲಕುಪ್ಪೆ ಮುಖ್ಯವಾದವು.

ವಿನಯದ ನ್ಯಾಯ

ಶಾಂತಿ ಎಂದೊಡನೆ ಅರೆಗಣ್ಣು ಮುಚ್ಚಿದ ಬುದ್ಧನ ವಿಗ್ರಹ ನೆನಪಾಗುತ್ತದೆ. ಸಂಘದ ದಿನನಿತ್ಯದ ಬದುಕು ಅಷ್ಟು ತಣ್ಣಗಿರಲಿಲ್ಲ. ಭಿಕ್ಷುಗಳ ನಡಾವಳಿಯನ್ನು ಹೇಳುವ ವಿನಯಪಿಟಕದ ತುಂಬ ಜಗಳಗಳಿವೆ, ದೂರುಗಳಿವೆ, ಪಂಗಡ ಕಟ್ಟಿಕೊಂಡವರಿದ್ದಾರೆ. ಇವನ್ನು ಬಗೆಹರಿಸಲು ಅಲ್ಲಿ ಏಳು ಕ್ರಮಗಳನ್ನು ಹೇಳಿದೆ. ಒಟ್ಟಾಗಿ ಅವಕ್ಕೆ ಅಧಿಕರಣ ಶಮಥ ಎಂದು ಹೆಸರು. ಮೊದಲನೆಯದು ಸಮ್ಮುಖ ವಿನಯ. ದೂರು ಕೊಟ್ಟವನೂ ದೂರಿಗೆ ಗುರಿಯಾದವನೂ ಸಂಘದ ಎದುರು ಹಾಜರಿರಬೇಕು, ಬೆನ್ನ ಹಿಂದೆ ತೀರ್ಪಿಲ್ಲ. ಮಾತಿನಿಂದ ಒಮ್ಮತ ಬಾರದಿದ್ದರೆ ಶಲಾಕೆ ಎಂಬ ಕಡ್ಡಿಗಳನ್ನು ಹಂಚಿ ಬಹುಮತ ತಿಳಿಯುವ ಕ್ರಮವಿದೆ. ಕೊನೆಯದಕ್ಕೆ ತಿಣವತ್ಥಾರಕ, ಅಂದರೆ ಹುಲ್ಲು ಹೊದಿಸುವುದು ಎಂದು ಹೆಸರು. ಎರಡೂ ಕಡೆಯವರು ಬಹಳ ದಿನ ಕಚ್ಚಾಡಿ ಬಾಯಿಗೆ ಬಂದದ್ದೆಲ್ಲ ಆಡಿಬಿಟ್ಟಿದ್ದಾಗ ಒಂದೊಂದು ಮಾತನ್ನೂ ಕೆದಕಿ ಲೆಕ್ಕ ಹಾಕಿದರೆ ಗಾಯ ಇನ್ನಷ್ಟು ಕೊಳೆಯುತ್ತದೆ. ಆಗ ಎರಡೂ ಪಕ್ಷಗಳ ಪರವಾಗಿ ಒಬ್ಬೊಬ್ಬರು ಎದ್ದು ತಪ್ಪೊಪ್ಪಿಕೊಂಡು, ಘೋರವಲ್ಲದ ಅಪರಾಧಗಳನ್ನೆಲ್ಲ ಒಟ್ಟಿಗೆ ಮುಚ್ಚಿಹಾಕುತ್ತಾರೆ. ಯುದ್ಧ ಮುಗಿದ ದೇಶಗಳಲ್ಲಿ ಇಂದು ನಡೆಯುವ ಸತ್ಯಶೋಧನೆ ಮತ್ತು ಕ್ಷಮಾದಾನದ ಚರ್ಚೆಗಳ ತಿರುಳು ಇಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕಾಣುತ್ತದೆ.

ಸಂವಾದ ಸೋತದ್ದನ್ನೂ ಪರಂಪರೆ ಮರೆಮಾಚಿಲ್ಲ. ಕೋಸಂಬಿಯಲ್ಲಿ ಪಾಯಿಖಾನೆಯ ಚೆಂಬಿನಲ್ಲಿ ನೀರು ಉಳಿಸಿ ಬಂದ ಸಣ್ಣ ವಿಷಯಕ್ಕೆ ಸಂಘ ಎರಡು ಹೋಳಾಯಿತು. ಬುದ್ಧನೇ ಬಂದು ಹೇಳಿದರೂ ಭಿಕ್ಷುಗಳು ಕೇಳಲಿಲ್ಲ. ನೀವು ಸುಮ್ಮನಿರಿ, ಇದು ನಮ್ಮ ಜಗಳ ಎಂದರು. ಆತ ಕಾಡಿಗೆ ಹೊರಟುಹೋದ. ಕೊನೆಗೆ ಅವರನ್ನು ದಾರಿಗೆ ತಂದವರು ಊರಿನ ಗೃಹಸ್ಥರು. ಅವರು ಭಿಕ್ಷೆ ನೀಡುವುದನ್ನೇ ನಿಲ್ಲಿಸಿದರು. ಮಾತಿಗೆ ಬಾರದವರನ್ನು ಹೊಡೆಯದೆ, ಬೈಯದೆ ಮಾತಿಗೆ ಎಳೆದು ತರುವ ಅಸಹಕಾರದ ಹಳೆಯ ಉದಾಹರಣೆ ಇದು.

ಸನ್ನತಿಯ ಕಲ್ಲು

ಕಲಬುರಗಿ ಜಿಲ್ಲೆಯ ಸನ್ನತಿ ಚಂದ್ರಲಾಂಬೆಯ ಕ್ಷೇತ್ರವೆಂದು ಹೆಸರಾದ ಊರು. 1986ರಲ್ಲಿ ಅಲ್ಲಿನ ದೇವಾಲಯ ಸಮುಚ್ಚಯದ ಕಾಳಿಗುಡಿಯ ಚಾವಣಿ ಕುಸಿಯಿತು. ಅವಶೇಷ ತೆರವು ಮಾಡಿದಾಗ ವಿಗ್ರಹದ ಪೀಠಕ್ಕೆ ಹಾಸಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳ ಜೊತೆಗೆ, ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳೂ ಆ ಕಲ್ಲಿನ ಮೇಲಿದ್ದವು.

ಈ ಸಂಯೋಜನೆಗೆ ವಿಶೇಷ ಅರ್ಥವಿದೆ. ಕ್ರಿ.ಪೂ. 261ರ ಸುಮಾರಿಗೆ ನಡೆದ ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಇದರ ಹಲವು ಪಟ್ಟು ಮಂದಿ ಆಮೇಲೆ ಅಳಿದರು ಎಂದು ಅಶೋಕ ತನ್ನ ಹದಿಮೂರನೆಯ ಶಾಸನದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆದರೆ ಪೆಟ್ಟು ತಿಂದ ಕಳಿಂಗದವರ ಕಣ್ಣೆದುರು, ಧೌಲಿ ಮತ್ತು ಜೌಗಡಗಳಲ್ಲಿ, ಆ ಶಾಸನವನ್ನು ಕೆತ್ತಿಸಲಿಲ್ಲ. ಅದರ ಬದಲಿಗೆ ಪ್ರತ್ಯೇಕ ಶಾಸನಗಳನ್ನು ಇರಿಸಿದ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಹೆಸರಾಂತ ಮಾತು ಬರುವುದು ಅವುಗಳಲ್ಲೇ. ಅಧಿಕಾರಿಗಳು ವಿನಾಕಾರಣ ಯಾರನ್ನೂ ಬಂಧನದಲ್ಲಿ ಇಡಬಾರದು, ಹಿಂಸಿಸಬಾರದು. ಅಸೂಯೆ, ಸಿಟ್ಟು, ಆತುರ, ಸೋಮಾರಿತನಗಳಿಂದ ದೂರವಿರಬೇಕು. ಗಡಿಯಾಚೆಯ ಜನ ತನಗೆ ಅಂಜಬೇಕಾಗಿಲ್ಲ ಎಂಬ ಸೂಚನೆಗಳು ಅಲ್ಲಿವೆ. ಧೌಲಿಯ ಪಾಠದಲ್ಲಿ ಇನ್ನೊಂದು ವಿವರವಿದೆ. ತಿಷ್ಯ ನಕ್ಷತ್ರದ ದಿನಗಳಂದು ಈ ಶಾಸನವನ್ನು ಜನಕ್ಕೆ ಓದಿ ಹೇಳಬೇಕು, ನಡುವೆಯೂ ಸಂದರ್ಭ ಒದಗಿದಾಗ ಓದಬೇಕು, ಕೇಳಲು ಒಬ್ಬನೇ ಇದ್ದರೂ ಓದಬೇಕು. ಆ ಒಬ್ಬ ಕೇಳುಗನನ್ನು ಲೆಕ್ಕಕ್ಕೆ ತೆಗೆದುಕೊಂಡ ಮನಸ್ಸು ಅಧಿಕಾರದ ಇತಿಹಾಸದಲ್ಲಿ ಬಹಳ ಅಪರೂಪ.

ಸನ್ನತಿಯ ಕಲ್ಲಿನಲ್ಲೇ ಇರುವ ಹನ್ನೆರಡನೆಯ ಶಾಸನ ಸಂವಾದದ ನೀತಿಯನ್ನು ನೇರವಾಗಿ ಹೇಳುತ್ತದೆ. ತನ್ನ ಪಂಥವನ್ನು ಹೊಗಳಲೆಂದು ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಮಾತಿನಲ್ಲಿ ಸಂಯಮ ಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು, ಒಡಗೂಡುವುದೇ ಒಳ್ಳೆಯದು. ಇಲ್ಲಿ ಟೀಕೆಗೆ ಪೂರ್ತಿ ನಿಷೇಧವಿಲ್ಲ. ಸಂದರ್ಭವಿಲ್ಲದೆ ಟೀಕಿಸಬಾರದು, ಸಂದರ್ಭವಿದ್ದಾಗಲೂ ಹಗುರವಾಗಿ ಟೀಕಿಸಬೇಕು ಎಂಬುದು ಆಜ್ಞೆಯ ಸ್ವರೂಪ. ಭಿನ್ನಾಭಿಪ್ರಾಯವನ್ನು ಅಳಿಸಲು ಹೋಗದೆ ಅದನ್ನು ಆಡುವ ರೀತಿಯನ್ನು ತಿದ್ದಲು ಹೊರಟ ಈ ಧೋರಣೆ ಬೌದ್ಧ ಶಾಂತಿ ಚಿಂತನೆಯ ಬೆನ್ನೆಲುಬು. ಸುಮಾರು 850ರ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವನ್ನೇ ನಿಜವಾದ ಸಂಪತ್ತೆಂದು ಬಗೆದಾಗ, ಇದೇ ನೆಲದಲ್ಲಿ ಸಾವಿರ ವರ್ಷ ಹಿಂದೆ ಕಲ್ಲಿಗಿಳಿದ ಮಾತಿಗೆ ಕನ್ನಡದಲ್ಲಿ ಮರುದನಿ ಬಂದಂತಾಯಿತು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪವೊಂದು ಹೊರಬಂತು. ಅದರ ಫಲಕವೊಂದರಲ್ಲಿ ರಾಣಿಯೊಡನೆ ನಿಂತ ಅರಸನ ಶಿಲ್ಪವಿದೆ, ಕೆಳಗೆ ರಾಯ ಅಸೋಕ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆದುಕೊಂಡ ಅರಸ ಯಾರೆಂಬುದನ್ನು ಹೆಸರಿನ ಸಮೇತ ತಿಳಿಸಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ.

ಧಾನ್ಯಕಟಕದ ಪಂಥಗಳು, ಬನವಾಸಿಯ ರಾಣಿ

ಕೃಷ್ಣೆಯ ಕೆಳದಂಡೆಯಲ್ಲಿ ಬೌದ್ಧ ಧರ್ಮ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಪೂರ್ವಶೈಲ, ಅಪರಶೈಲ, ರಾಜಗಿರಿಕ, ಸಿದ್ಧಾರ್ಥಿಕ ಎಂಬ ಪಂಥಗಳು ಇಲ್ಲಿ ಬೆಳೆದವು. ಸಿಂಹಳದ ಪಾಲಿ ಟೀಕಾಕಾರರು ಇವನ್ನು ಒಟ್ಟಾಗಿ ಅಂಧಕರು ಎಂದರು. ಅವರ ನಿಲುವುಗಳನ್ನು ಒಂದೊಂದಾಗಿ ಮುಂದಿಟ್ಟು ಪ್ರಶ್ನೆಗೆ ಒಡ್ಡುವ ಕಥಾವತ್ಥು ಅಭಿಧಮ್ಮ ಪಿಟಕದ ಭಾಗ. ಒಪ್ಪದ ಅಭಿಪ್ರಾಯವನ್ನು ಬೆಂಕಿಗೆ ಹಾಕುವ ಬದಲು ತಮ್ಮ ಪವಿತ್ರ ಗ್ರಂಥದೊಳಗೇ ಬರೆದಿಟ್ಟುಕೊಂಡವರು ಆ ಪಾಲಿ ಪರಂಪರೆಯವರು. ಇಂದು ಆ ಪಂಥಗಳ ಸ್ವಂತ ಗ್ರಂಥಗಳು ಬಹುಪಾಲು ಕಳೆದುಹೋಗಿವೆ. ಅವರು ಏನನ್ನು ನಂಬಿದ್ದರೆಂದು ನಮಗೆ ತಿಳಿಯುವುದು ಮುಖ್ಯವಾಗಿ ಎದುರಾಳಿಗಳ ಬರಹದಿಂದ.

ನಾಗಾರ್ಜುನಕೊಂಡ ಮೂರು, ನಾಲ್ಕನೆಯ ಶತಮಾನಗಳಲ್ಲಿ ಇಕ್ಷ್ವಾಕು ಅರಸರ ರಾಜಧಾನಿಯಾಗಿತ್ತು. ಅರಸರು ವೈದಿಕ ಯಜ್ಞಗಳನ್ನು ಮಾಡಿದರು, ಅವರ ಮನೆಯ ಹೆಣ್ಣುಮಕ್ಕಳು ಬೌದ್ಧ ವಿಹಾರಗಳಿಗೆ ಕೈಬಿಚ್ಚಿ ದಾನ ಕೊಟ್ಟರು. ಒಂದೇ ಕಣಿವೆಯಲ್ಲಿ ದೇವಾಲಯಗಳೂ ಸ್ತೂಪಗಳೂ ಎದ್ದವು. ಬೋಧಿಸಿರಿ ಎಂಬ ಉಪಾಸಿಕೆಯ ಶಾಸನ ಸಿಂಹಳದ ಆಚಾರ್ಯರನ್ನು ಹೆಸರಿಸಿ, ಅವರು ಧರ್ಮಕ್ಕೆ ಒಲಿಸಿದ ನಾಡುಗಳ ಪಟ್ಟಿ ಕೊಡುತ್ತದೆ. ಕಾಶ್ಮೀರ, ಗಂಧಾರ, ಚೀನಾಗಳ ಸಾಲಿನಲ್ಲಿ ವನವಾಸಿಯೂ ಇದೆ, ಅಂದರೆ ನಮ್ಮ ಬನವಾಸಿ. ಇನ್ನೊಂದು ಶಾಸನ ಇನ್ನೂ ಹತ್ತಿರದ ನಂಟನ್ನು ಹೇಳುತ್ತದೆ. ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ ಮಹಾರಾಜನ ಮಡದಿ. ಆಕೆ ಮಹೀಶಾಸಕ ಪಂಥದ ಭಿಕ್ಷುಗಳಿಗಾಗಿ ತವರಿನಲ್ಲಿ ವಿಹಾರ ಕಟ್ಟಿಸಿದಳು. ನಾಗಾರ್ಜುನಸಾಗರ ಅಣೆಕಟ್ಟಿನ ನೀರು ಏರುವ ಮುನ್ನ 1954ರಿಂದ 1960ರವರೆಗೆ ಆ ಕಣಿವೆಯಲ್ಲಿ ಭಾರಿ ಉತ್ಖನನ ನಡೆಯಿತು. ಅಂದು ಎತ್ತಿ ತಂದ ಶಿಲ್ಪ, ಶಾಸನಗಳನ್ನು ಈಗ ಜಲಾಶಯದ ನಡುವೆ ದ್ವೀಪವಾಗಿ ಉಳಿದ ಗುಡ್ಡದ ಮೇಲಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ನಾಗಾರ್ಜುನ

ಎರಡನೆಯ ಅಥವಾ ಮೂರನೆಯ ಶತಮಾನದ ತತ್ತ್ವಜ್ಞ ನಾಗಾರ್ಜುನನನ್ನು ಪರಂಪರೆ ಈ ನಾಡಿನೊಂದಿಗೂ ಸಾತವಾಹನ ಅರಸನೊಬ್ಬನೊಂದಿಗೂ ಜೋಡಿಸುತ್ತದೆ. ಆತನ ವಿಗ್ರಹವ್ಯಾವರ್ತನೀ ಎಪ್ಪತ್ತು ಶ್ಲೋಕಗಳ ಸಣ್ಣ ಕೃತಿ. ಅದರ ಮೊದಲ ಇಪ್ಪತ್ತು ಶ್ಲೋಕಗಳನ್ನು ಪೂರ್ತಿಯಾಗಿ ಎದುರಾಳಿಗೆ ಬಿಟ್ಟುಕೊಡಲಾಗಿದೆ. ಎಲ್ಲವೂ ಶೂನ್ಯವಾದರೆ ನಿನ್ನ ಈ ಮಾತೂ ಶೂನ್ಯವೇ ಅಲ್ಲವೇ, ಹಾಗಿದ್ದ ಮೇಲೆ ಅದು ಏನನ್ನು ತಾನೇ ಅಲ್ಲಗಳೆಯಬಲ್ಲದು ಎಂಬ ಹರಿತವಾದ ಆಕ್ಷೇಪ ಅಲ್ಲಿ ಪೂರ್ಣಬಲದಲ್ಲಿ ಬರುತ್ತದೆ. ಉತ್ತರ ಆಮೇಲೆ. ಎದುರಾಳಿಯ ವಾದವನ್ನು ದುರ್ಬಲ ಮಾಡಿ ಹೊಡೆಯುವುದು ಸುಲಭ. ಅವನೇ ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎನ್ನುವಂತೆ ಅದನ್ನು ಮಂಡಿಸಿ ನಂತರ ಬಾಯಿ ತೆರೆಯುವುದಕ್ಕೆ ಬೇರೆಯದೇ ಧೈರ್ಯ ಬೇಕು. ಇಂದಿನ ರಾಜತಾಂತ್ರಿಕರಿಗೂ ಟಿವಿ ಚರ್ಚೆಯ ನಿರೂಪಕರಿಗೂ ಈ ಕೃತಿಯ ಓದು ಕಡ್ಡಾಯವಾಗಬೇಕು ಎನಿಸುತ್ತದೆ. ಭಾರತದಲ್ಲಿ ಕಳೆದುಹೋಗಿದ್ದ ಇದರ ಸಂಸ್ಕೃತ ಮೂಲವನ್ನು 1930ರ ದಶಕದಲ್ಲಿ ಟಿಬೆಟ್ಟಿನ ಮಠವೊಂದರಲ್ಲಿ ಪತ್ತೆ ಮಾಡಿದವರು ರಾಹುಲ ಸಾಂಕೃತ್ಯಾಯನ.

ಅರಸನಿಗೆ ಹಿತವಚನವಾಗಿ ಬರೆದ ರತ್ನಾವಳಿಯಲ್ಲಿ ಶೂನ್ಯತೆಯ ತತ್ತ್ವದ ಜೊತೆಗೇ ಸೆರೆಮನೆಯ ಆಡಳಿತವೂ ಬರುತ್ತದೆ. ದುರ್ಬಲ ಕೈದಿಗಳನ್ನು ಬೇಗ ಬಿಡಬೇಕು. ಬಿಡುವವರೆಗೂ ಅವರಿಗೆ ಕ್ಷೌರಿಕ, ಸ್ನಾನ, ಊಟ, ನೀರು, ಔಷಧ, ಬಟ್ಟೆ ಇವುಗಳಿಗೆ ಕೊರತೆಯಾಗಬಾರದು. ದಂಡಿಸುವಾಗಲೂ ತಪ್ಪು ಮಾಡಿದ ಮಗನನ್ನು ತಿದ್ದುವ ತಂದೆಯ ಮನಸ್ಸಿರಬೇಕು. ಶತ್ರುವನ್ನೂ ಅಪರಾಧಿಯನ್ನೂ ಮಾತಿಗೆ ಅರ್ಹನಾದ ಮನುಷ್ಯನೆಂದು ಮೊದಲು ಒಪ್ಪಿಕೊಂಡರೆ ಮಾತ್ರ ಸಂವಾದ ಸಾಧ್ಯ ಎಂಬ ಅರಿವು ಈ ಸಲಹೆಗಳ ಹಿಂದಿದೆ.

ಚೀನೀ ಯಾತ್ರಿಕ, ಬಾಯಿ ತೆರೆದ ಬಂಡೆ

ಏಳನೆಯ ಶತಮಾನದಲ್ಲಿ ಧಾನ್ಯಕಟಕಕ್ಕೆ ಬಂದ ಹ್ಯುಯೆನ್ ತ್ಸಾಂಗ್ ಇಲ್ಲಿ ಕೆಲವು ತಿಂಗಳು ನಿಂತ. ಸುಭೂತಿ ಮತ್ತು ಸೂರ್ಯ ಎಂಬ ಇಬ್ಬರು ಭಿಕ್ಷುಗಳಿಂದ ಮಹಾಸಾಂಘಿಕರ ಅಭಿಧರ್ಮವನ್ನು ಕಲಿತ. ಅವರಿಗೆ ತಾನು ಮಹಾಯಾನದ ಶಾಸ್ತ್ರಗಳನ್ನು ಕಲಿಸಿದ. ಗುರುವೂ ಶಿಷ್ಯನೂ ಪಾತ್ರ ಬದಲಿಸಿಕೊಂಡ ಈ ಪಾಠ, ಎರಡು ದೇಶ ಮತ್ತು ಎರಡು ಪಂಥಗಳ ನಡುವೆ ನಡೆದ ಕೊಡುಕೊಳ್ಳುವಿಕೆಯ ನಿಚ್ಚಳವಾದ ದಾಖಲೆ. ಆತ ಕಂಡ ಧಾನ್ಯಕಟಕದ ರಾಜಧಾನಿ ಇಂದಿನ ವಿಜಯವಾಡವೇ ಎಂದು ಜೇಮ್ಸ್ ಫರ್ಗ್ಯುಸನ್ ವಾದಿಸಿದ್ದ. ಈಗ ಅಮರಾವತಿಗೆ ಅಂಟಿಕೊಂಡ ಧರಣಿಕೋಟವನ್ನೇ ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ.

ಹ್ಯುಯೆನ್ ತ್ಸಾಂಗ್ ಇಲ್ಲಿ ಕೇಳಿ ಬರೆದಿಟ್ಟ ಒಂದು ಕಥೆ ಮನಸ್ಸನ್ನು ಕಲಕುತ್ತದೆ. ಆರನೆಯ ಶತಮಾನದ ಮಹಾಪಂಡಿತ ಭಾವವಿವೇಕ, ನಾಗಾರ್ಜುನನ ಹಾದಿಯವನು. ಯೋಗಾಚಾರ ಪಂಥದ ಧರ್ಮಪಾಲನೊಂದಿಗೆ ಚರ್ಚಿಸಿ ತನ್ನ ಸಂಶಯ ಕಳೆದುಕೊಳ್ಳಲು ಮಗಧದವರೆಗೂ ಹೋದ. ಬಾಳು ಕ್ಷಣಿಕ, ವಾದಕ್ಕೆ ಸಮಯವಿಲ್ಲ ಎಂದು ಧರ್ಮಪಾಲ ಹೇಳಿಕಳಿಸಿದ. ಭೇಟಿಯೇ ಆಗಲಿಲ್ಲ. ಭಾವವಿವೇಕ ಧಾನ್ಯಕಟಕಕ್ಕೆ ಮರಳಿ, ಮುಂದೆ ಬರಲಿರುವ ಮೈತ್ರೇಯ ಬುದ್ಧನನ್ನೇ ಕೇಳುವೆನೆಂದು ವರ್ಷಗಟ್ಟಲೆ ಜಪ ಮಾಡಿ, ಮಂತ್ರಿಸಿದ ಸಾಸಿವೆಯನ್ನು ಬಂಡೆಗೆ ಎಸೆದ. ಬಂಡೆ ಬಾಯಿ ತೆರೆಯಿತು. ಬನ್ನಿ ಎಂದು ಕರೆದಾಗ ನೆರೆದ ಜನರಲ್ಲಿ ಆರೇ ಮಂದಿ ಅವನ ಹಿಂದೆ ಒಳಹೋದರು, ಬಂಡೆ ಮುಚ್ಚಿಕೊಂಡಿತು. ಇದು ಐತಿಹ್ಯವೇ ಸರಿ. ಆದರೂ ಸಂವಾದದ ಬಾಗಿಲು ಮುಚ್ಚಿದರೆ ಎಂಥ ಪಂಡಿತನಿಗೂ ಕಲ್ಲಿನೊಳಗೆ ಕೂತು ಕಾಯುವುದೊಂದೇ ಉಳಿಯುತ್ತದೆ ಎಂಬ ನೋವು ಅದರಲ್ಲಿದೆ.

ಎರಡು ಒನ್ ಟೌನ್‌ಗಳು

ವಿಜಯವಾಡದ ಒನ್ ಟೌನ್ ಕನಕದುರ್ಗೆಯ ಇಂದ್ರಕೀಲಾದ್ರಿಯ ಮಗ್ಗುಲಲ್ಲಿ ಬೆಳೆದ ಹಳೆಯ ಬೆಜವಾಡ. ಸಗಟು ವ್ಯಾಪಾರದ ಇಕ್ಕಟ್ಟಾದ ಬೀದಿಗಳ ಊರು. ರೈಲು ನಿಲ್ದಾಣಕ್ಕೆ ಹತ್ತಿರದ ಗುಡ್ಡವೊಂದರ ಮೇಲೆ 52 ಅಡಿ ಎತ್ತರದ ಗಾಂಧಿ ಸ್ಮಾರಕ ಸ್ತೂಪ ನಿಂತಿದೆ. ಮೊದಲು ಆರ್ ಹಿಲ್ ಎನಿಸಿಕೊಂಡಿದ್ದ ಗುಡ್ಡ ಈಗ ಗಾಂಧಿ ಕೊಂಡ. ಸ್ಮಾರಕವನ್ನು 1968ರ ಅಕ್ಟೋಬರ್ 6ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ಉದ್ಘಾಟಿಸಿದರು. ಹುಟ್ಟಿನಿಂದ ವೈಷ್ಣವನಾದ ಗಾಂಧಿಗೆ ಬೌದ್ಧ ಸ್ತೂಪದ ಆಕಾರ, ಅದನ್ನು ತೆರೆದವರು ಮುಸ್ಲಿಂ ಶಿಕ್ಷಣತಜ್ಞ. ಆಂಧ್ರದ ಜನ ಅಹಿಂಸೆಗೆ ಗುರುತು ಹುಡುಕಿದಾಗ ಅಮರಾವತಿಯ ಆಕಾರವೇ ಅವರ ಕೈಗೆ ಸಿಕ್ಕಿದ್ದು ಸಹಜ. ಇದೇ ನಗರದಲ್ಲಿ 1921ರಲ್ಲಿ ಕಾಂಗ್ರೆಸ್ ಸಮಿತಿಯ ಸಭೆ ನಡೆದಾಗ ಪಿಂಗಳಿ ವೆಂಕಯ್ಯ ಗಾಂಧಿಗೆ ಧ್ವಜದ ವಿನ್ಯಾಸ ತೋರಿಸಿದ್ದರು. ಆ ಭೇಟಿಗೆ ಸಾಕ್ಷಿಯಾದ ವಿಕ್ಟೋರಿಯಾ ವಸ್ತುಸಂಗ್ರಹಾಲಯ ಈಗ ಬಾಪು ಮ್ಯೂಸಿಯಂ. ಅಲ್ಲೂರಿನಲ್ಲಿ ಸಿಕ್ಕ ಸುಣ್ಣಕಲ್ಲಿನ ನಿಂತ ಬುದ್ಧ ಅಲ್ಲಿದ್ದಾನೆ.

ವಿಶಾಖಪಟ್ಟಣದ ಒನ್ ಟೌನ್ ಬಂದರಿನ ಪ್ರವೇಶ ಕಾಲುವೆಯ ಅಂಚಿನಲ್ಲಿದೆ. ಅಲ್ಲಿ ಮೂರು ಗುಡ್ಡಗಳು ಅಕ್ಕಪಕ್ಕ ನಿಂತಿವೆ. ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ಇಷಾಕ್ ಮದೀನಾ ದರ್ಗಾ, ರಾಸ್ ಹಿಲ್ ಎಂಬ ಮೂರನೆಯದರ ಮೇಲೆ ಮಾತೆ ಮೇರಿಯ ಚರ್ಚು. ಊರಿನಿಂದ ಭೀಮಿಲಿಯತ್ತ ಹೋದರೆ ಕಡಲಿಗೆ ಮುಖಮಾಡಿದ ತೊಟ್ಲಕೊಂಡ, ಬಾವಿಕೊಂಡ, ಪಾವುರಾಲಕೊಂಡಗಳ ವಿಹಾರಗಳು ಸಿಗುತ್ತವೆ. ನೌಕಾಪಡೆಯ ವೈಮಾನಿಕ ಸಮೀಕ್ಷೆಯಲ್ಲಿ 1976ರಲ್ಲಿ ಕಣ್ಣಿಗೆ ಬಿದ್ದ ತೊಟ್ಲಕೊಂಡದಲ್ಲಿ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿವೆ. ಉತ್ಖನನದಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತವು. ಕಡಲ ವ್ಯಾಪಾರಿಗಳೂ ಭಿಕ್ಷುಗಳೂ ಹಂಚಿಕೊಂಡ ತಂಗುದಾಣಗಳಿವು. ಸಿಂಹಳಕ್ಕೂ ಪೂರ್ವದ ದ್ವೀಪಗಳಿಗೂ ಧರ್ಮ ಸೈನ್ಯದ ಬೆನ್ನಿಗೆ ಹೋಗದೆ ಹಡಗಿನ ಸರಕಿನ ಜೊತೆ ಹೋದದ್ದರಲ್ಲಿ ಈ ತೀರದ ಪಾಲು ದೊಡ್ಡದು.

2006ರ ಜನವರಿಯಲ್ಲಿ ದಲೈ ಲಾಮಾ ಅಮರಾವತಿಯಲ್ಲಿ ಮೂವತ್ತನೆಯ ಕಾಲಚಕ್ರ ದೀಕ್ಷಾ ಸಮಾವೇಶ ನಡೆಸಿದರು. ಕಾಲಚಕ್ರವನ್ನು ಬುದ್ಧ ಮೊದಲು ಬೋಧಿಸಿದ್ದು ಧಾನ್ಯಕಟಕದಲ್ಲೇ ಎಂಬುದು ಟಿಬೆಟ್ಟಿಯನ್ನರ ನಂಬಿಕೆ. ಆ ದಿನಗಳಲ್ಲಿ ಕೃಷ್ಣೆಯ ದಡದ ಹಳ್ಳಿಗೆ ಹಿಮಾಲಯದ ನಾಡುಗಳ ಜನ ತಂಡತಂಡವಾಗಿ ಬಂದರು.

ನೀರಿನ ಜಗಳ

ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಆಯುಧ ಹಿಡಿದು ಎದುರಾದಾಗ ಬುದ್ಧ ನಡುವೆ ಬಂದು, ನೀರಿಗೆ ಬೆಲೆ ಹೆಚ್ಚೋ ನಿಮ್ಮವರ ರಕ್ತಕ್ಕೋ ಎಂದು ಕೇಳಿದ ಕಥೆ ಜಾತಕದ ಅಟ್ಠಕಥೆಯಲ್ಲಿದೆ. ಗಮನಿಸಬೇಕಾದ ಅಂಶವೊಂದಿದೆ. ಜಗಳ ಯಾವುದಕ್ಕೆ ಎಂದು ಬುದ್ಧ ಕೇಳಿದರೆ ಅರಸರಿಗೂ ಸೇನಾಪತಿಗಳಿಗೂ ಗೊತ್ತಿರಲಿಲ್ಲ. ವಿಚಾರಿಸುತ್ತ ಕೆಳಗಿಳಿದಾಗ ಕೊನೆಗೆ ಹೊಲದ ಆಳುಗಳು ಕಾರಣ ಹೇಳಿದರು. ಅಂಬೇಡ್ಕರ್ ತಮ್ಮ ಬುದ್ಧ ಅಂಡ್ ಹಿಸ್ ಧಮ್ಮ ಕೃತಿಯಲ್ಲಿ ಈ ಜಗಳವನ್ನು ಸಿದ್ಧಾರ್ಥನ ಗೃಹತ್ಯಾಗದ ಕಾರಣವನ್ನಾಗಿಯೇ ಇರಿಸಿದರು. ಮುಪ್ಪು, ರೋಗ, ಶವಗಳನ್ನು ಕಂಡು ಹೊರಟ ರಾಜಕುಮಾರನ ಜಾಗದಲ್ಲಿ ಯುದ್ಧದ ನಿರ್ಣಯಕ್ಕೆ ಸಭೆಯಲ್ಲಿ ವಿರೋಧ ಹೇಳಿ ಅದರ ಬೆಲೆ ತೆತ್ತ ಪ್ರಜೆ ಬಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರೊಂದಿಗೆ ಲಕ್ಷಾಂತರ ಜನ ಬೌದ್ಧರಾದರು. ನ್ಯಾಯವಿಲ್ಲದೆ ಶಾಂತಿಯಿಲ್ಲ ಎಂಬ ಅಂಬೇಡ್ಕರ್ ನಿಲುವು ಸಂವಾದ ಪರಂಪರೆಗೆ ಆಧುನಿಕ ಕಾಲ ಕೊಟ್ಟ ಅತಿ ಮುಖ್ಯ ತಿದ್ದುಪಡಿ. ಮೇಲೆ ಕೂತವನು, ಕೆಳಗೆ ನಿಂತವನು ಎಂಬ ಭೇದ ಉಳಿದಿರುವಾಗ ನಡೆಯುವ ಮಾತುಕತೆ ಅಪ್ಪಣೆಯೇ ಹೊರತು ಸಂವಾದವಾಗದು.

ಕೃಷ್ಣೆಯ ನೀರಿಗೂ ಜಗಳವಿದೆ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1973ರ ತೀರ್ಪಿನಲ್ಲಿ 2060 ಟಿಎಂಸಿ ಅಡಿ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. 2004ರಲ್ಲಿ ಎರಡನೆಯ ಮಂಡಳಿ ಬಂತು, 2014ರಲ್ಲಿ ತೆಲಂಗಾಣ ಬೇರೆಯಾಯಿತು, ವ್ಯಾಜ್ಯ ಇನ್ನೂ ಮುಂದುವರಿದಿದೆ. ಇದಕ್ಕೂ ಬೌದ್ಧ ಧರ್ಮಕ್ಕೂ ನೇರ ಸಂಬಂಧವಿಲ್ಲ. ಆದರೂ ಅಶೋಕನ ಕಲ್ಲಿನಿಂದ ಅಮರಾವತಿಯವರೆಗೆ ಹರಿಯುವ ನೀರಿನ ಪಾಲನ್ನು ನಾಲ್ಕು ರಾಜ್ಯಗಳು ಸಮ್ಮುಖದಲ್ಲಿ, ಅಂಕಿಅಂಶ ಹಿಡಿದು, ಎದುರಾಳಿಯ ವಾದ ಕೇಳಿಸಿಕೊಂಡು ತೀರ್ಮಾನಿಸಲು ಯತ್ನಿಸುತ್ತಿವೆ ಎಂಬುದನ್ನು ಸಣ್ಣದೆಂದು ತಳ್ಳಿಹಾಕಲಾಗದು.

ಯುದ್ಧೋತ್ತರ ಜಗತ್ತಿನಲ್ಲಿ

ಎರಡನೆಯ ಮಹಾಯುದ್ಧದ ಬಳಿಕ ಈ ಪರಂಪರೆ ಹೊಸ ರೂಪ ತಳೆಯಿತು. ಜಪಾನಿನಲ್ಲಿ ಯುದ್ಧಕಾಲದ ಸರ್ಕಾರ ಹೇರಿದ ಶಿಂಟೋ ಆಚರಣೆಗೆ ಒಪ್ಪದ ಶಿಕ್ಷಕ ತ್ಸುನೆಸಾಬುರೊ ಮಾಕಿಗುಚಿ 1944ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಜೊತೆಗೆ ಸೆರೆಯಾಗಿದ್ದ ಶಿಷ್ಯ ಜೋಸೆಯಿ ತೋದಾ ಸೋಕಾ ಗಕ್ಕಾಯಿ ಎಂಬ ಬೌದ್ಧ ಸಂಸ್ಥೆಯನ್ನು ಮತ್ತೆ ಕಟ್ಟಿ, 1957ರ ಸೆಪ್ಟೆಂಬರ್ 8ರಂದು ಯೊಕೊಹಾಮಾದಲ್ಲಿ ಅಣ್ವಸ್ತ್ರಗಳ ವಿರುದ್ಧ ಘೋಷಣೆ ಹೊರಡಿಸಿದರು. ಅವರ ಶಿಷ್ಯ ದೈಸಾಕು ಇಕೆದಾ ಸಂವಾದವನ್ನೇ ಜೀವನದ ಕೆಲಸ ಮಾಡಿಕೊಂಡವರು. ಚೀನಾದೊಂದಿಗೆ ಜಪಾನ್ ಸಂಬಂಧ ಸರಿಪಡಿಸಿಕೊಳ್ಳಬೇಕೆಂದು ಅವರು ಬಹಿರಂಗವಾಗಿ ಹೇಳಿದ್ದು 1968ರಲ್ಲಿ. ಸಂಬಂಧ ಕುದುರಿದ್ದು 1972ರಲ್ಲಿ. 1974ರಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್, ಚೀನಾದ ಚೌ ಎನ್‌ಲಾಯ್ ಇಬ್ಬರನ್ನೂ ಕಂಡರು. ಇತಿಹಾಸಕಾರ ಆರ್ನಾಲ್ಡ್ ಟಾಯನ್‌ಬಿಯೊಂದಿಗೆ 1972 ಮತ್ತು 1973ರಲ್ಲಿ ಲಂಡನ್ನಿನಲ್ಲಿ ನಡೆಸಿದ ದೀರ್ಘ ಮಾತುಕತೆ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋಯಿತು. ಇಕೆದಾ 2023ರ ನವೆಂಬರಿನಲ್ಲಿ ನಿಧನರಾದರು.

ಕಾಂಬೋಡಿಯಾದಲ್ಲಿ ಖಮೇರ್ ರೂಜ್ ನರಮೇಧದ ನಂತರ ಭಿಕ್ಷು ಮಹಾ ಘೋಸಾನಂದ 1992ರಲ್ಲಿ ನಿರಾಶ್ರಿತರೊಂದಿಗೆ ಥಾಯ್ ಗಡಿಯಿಂದ ನಾಮ್ ಪೆನ್‌ವರೆಗೆ ಧಮ್ಮಯಾತ್ರೆ ನಡೆದರು. ವಿಯೆಟ್ನಾಮಿನ ಭಿಕ್ಷು ಥಿಚ್ ನಾಟ್ ಹಾನ್ ಅವರನ್ನು 1967ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದ್ದರು.

ಚಿತ್ರದ ಇನ್ನೊಂದು ಮಗ್ಗುಲೂ ಇದೆ. ಜಪಾನಿನ ಅನೇಕ ಬೌದ್ಧ ಪೀಠಗಳು ಸಾಮ್ರಾಜ್ಯದ ಯುದ್ಧಗಳನ್ನು ಹರಸಿದವು. ಶ್ರೀಲಂಕಾದ 1983ರಿಂದ 2009ರವರೆಗಿನ ಅಂತರ್ಯುದ್ಧದಲ್ಲಿ ತಮಿಳರೊಂದಿಗೆ ಅಧಿಕಾರ ಹಂಚಿಕೊಳ್ಳುವ ಮಾತಿಗೆ ಪ್ರಬಲ ಭಿಕ್ಷು ಗುಂಪುಗಳೇ ಅಡ್ಡ ನಿಂತವು. ಮ್ಯಾನ್ಮಾರಿನಿಂದ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಓಡಿಹೋಗಬೇಕಾದಾಗ ಕೆಲವು ಭಿಕ್ಷುಗಳ ದ್ವೇಷದ ಪ್ರವಚನಗಳು ಅದಕ್ಕೆ ನೆಲ ಹದಮಾಡಿದ್ದವು. ಭಾರತವೂ 1974ರ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆಗೆ ಬುದ್ಧನ ನಗುವನ್ನೇ ಸಂಕೇತನಾಮವಾಗಿ ಬಳಸಿತು. ನಮ್ಮ ಸಾರ್ವಜನಿಕ ಬದುಕಿನ ಅತ್ಯಂತ ನೋವಿನ ಪದಪ್ರಯೋಗಗಳಲ್ಲಿ ಅದೂ ಒಂದು. ಹನ್ನೆರಡನೆಯ ಶಾಸನದ ಎಚ್ಚರಿಕೆ ಮೊದಲು ಅನ್ವಯಿಸಬೇಕಾದ್ದು ಬೌದ್ಧರಿಗೇ.

ಮುಂಡಗೋಡಿನ ಚಪ್ಪಾಳೆ

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ, ಟಿಬೆಟ್ಟಿನ ನಿರಾಶ್ರಿತರಿಗೆ ಜಮೀನು ಕೊಡಲು ಮುಂದೆ ಬಂದವರಲ್ಲಿ ಎಸ್. ನಿಜಲಿಂಗಪ್ಪನವರ ಮೈಸೂರು ರಾಜ್ಯ ಮೊದಲ ಸಾಲಿನಲ್ಲಿತ್ತು. ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ವಸಾಹತುಗಳು ಎದ್ದವು. ಲಾಸಾ ಸುತ್ತಿನ ಮೂರು ಮಹಾಮಠಗಳಲ್ಲಿ ಸೆರಾ ಬೈಲಕುಪ್ಪೆಯಲ್ಲೂ, ದ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲೂ ಮರುಹುಟ್ಟು ಪಡೆದವು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಆ ಮೊದಲ ತಲೆಮಾರು ಹಗಲು ಹೊಲದಲ್ಲಿ ದುಡಿದು ಸಂಜೆ ಚರ್ಚೆಗೆ ಕೂರುತ್ತಿತ್ತು.

ಚರ್ಚೆಯ ಅಂಗಳಕ್ಕೆ ಮೊದಲ ಸಲ ಹೋದವರಿಗೆ ಅದು ಹೊಡೆದಾಟದಂತೆ ಕಂಡರೆ ಅಚ್ಚರಿಯಿಲ್ಲ. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಮಂಜುಶ್ರೀಯ ಬೀಜಾಕ್ಷರ ಧೀಃ ಎಂದು ಕೂಗಿ ಆರಂಭ. ಪ್ರಶ್ನೆ ಮುಗಿಯುತ್ತಲೇ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡ ಅಂಗೈ ಮೇಲೆ ಬಡಿದು, ಎಡಗೈಯನ್ನು ಮುಂದಕ್ಕೆ ಚಾಚಿ, ಬಲಗೈಯಿಂದ ಜಪಮಾಲೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಎಡಗೈ ದುರ್ಗತಿಯ ಬಾಗಿಲನ್ನು ಮುಚ್ಚುತ್ತದೆ, ಬಲಗೈ ಜೀವಿಗಳನ್ನು ಮೇಲೆತ್ತುತ್ತದೆ ಎಂಬುದು ಅದಕ್ಕೆ ಅವರು ಕೊಡುವ ವಿವರಣೆ. ಕೂತವನಿಗೆ ಭಾಷಣಕ್ಕೆ ಅವಕಾಶವಿಲ್ಲ. ಒಪ್ಪಿದೆ, ಯಾಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ ಎಂಬ ಕೆಲವೇ ಉತ್ತರಗಳಲ್ಲಿ ಒಂದನ್ನು ಆರಿಸಿ ಹೇಳಬೇಕು. ತನ್ನ ಹಿಂದಿನ ಮಾತಿಗೆ ತಾನೇ ವಿರುದ್ಧವಾಗಿ ಸಿಕ್ಕಿಬಿದ್ದರೆ ಸುತ್ತಲಿನವರು ಹೋ ಎನ್ನುತ್ತಾರೆ. ಮಾರನೆಯ ದಿನ ನಿಂತವನು ಕೂರುತ್ತಾನೆ, ನಿನ್ನೆ ತಾನು ಕೆಡವಿದ ಪಕ್ಷವನ್ನು ಇಂದು ತಾನೇ ಎತ್ತಿಹಿಡಿಯಬೇಕಾಗುತ್ತದೆ. ದಿಙ್ನಾಗ, ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರ ಭಾರತದಿಂದ ಟಿಬೆಟ್ಟಿಗೆ ಹೋಗಿ, ಸಾವಿರ ವರ್ಷ ಅಲ್ಲಿ ಉಳಿದು, ಉತ್ತರ ಕನ್ನಡದ ಅಂಚಿಗೆ ಹೀಗೆ ಮರಳಿದೆ. ಮಠಗಳ ಅತ್ಯುನ್ನತ ಪದವಿಯಾದ ಗೆಶೆಗೆ ಇಂಥ ಅಭ್ಯಾಸ ಇಪ್ಪತ್ತು ವರ್ಷದ ಆಸುಪಾಸು ನಡೆಯುತ್ತದೆ.

ಈ ತರಬೇತಿಯಿಂದ ಬಂದ ದಲೈ ಲಾಮಾ ಚೀನಾದೊಂದಿಗೂ ಮಾತಿನ ದಾರಿಯನ್ನೇ ಹಿಡಿದರು. ಪೂರ್ಣ ಸ್ವಾತಂತ್ರ್ಯದ ಬದಲು ನಿಜವಾದ ಸ್ವಾಯತ್ತತೆ ಸಾಕೆಂಬ ಮಧ್ಯಮ ಮಾರ್ಗ ಅವರದು. ಅವರ ಅಹಿಂಸಾ ಹೋರಾಟಕ್ಕೆ 1989ರಲ್ಲಿ ನೊಬೆಲ್ ಮನ್ನಣೆ ದೊರೆಯಿತು. 2002ರಿಂದ 2010ರ ಜನವರಿಯವರೆಗೆ ಅವರ ಪ್ರತಿನಿಧಿಗಳು ಬೀಜಿಂಗ್‌ನೊಂದಿಗೆ ಒಂಬತ್ತು ಸುತ್ತು ಮಾತುಕತೆ ನಡೆಸಿದರು. ಫಲ ಸಿಗಲಿಲ್ಲ. 2009ರಿಂದೀಚೆಗೆ ಟಿಬೆಟ್ಟಿನೊಳಗೆ ನೂರೈವತ್ತಕ್ಕೂ ಹೆಚ್ಚು ಮಂದಿ ಮೈಗೆ ಬೆಂಕಿ ಹಚ್ಚಿಕೊಂಡರು. ಭಾವವಿವೇಕನ ಎದುರು ಮುಚ್ಚಿದ ಬಾಗಿಲು ಇವರೆದುರೂ ಮುಚ್ಚಿತು.

ಬೇರೆ ಬಾಗಿಲುಗಳು ತೆರೆದವು. 2013ರ ಜನವರಿಯಲ್ಲಿ ದ್ರೆಪುಂಗ್ ಮಠದಲ್ಲಿ ಮೈಂಡ್ ಅಂಡ್ ಲೈಫ್ ಸಂಸ್ಥೆಯ ಇಪ್ಪತ್ತಾರನೆಯ ಸಮ್ಮೇಳನ ನಡೆದಾಗ ಭೌತವಿಜ್ಞಾನಿಗಳೂ ನರವಿಜ್ಞಾನಿಗಳೂ ಸಾವಿರಾರು ಭಿಕ್ಷುಗಳೆದುರು ಮಾತಿಗೆ ಕೂತರು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ನೆರವಿನಿಂದ ವಿಜ್ಞಾನ ಮಠಗಳ ಪಠ್ಯಕ್ರಮದೊಳಗೆ ಬಂತು. 2016ರ ಡಿಸೆಂಬರಿನಲ್ಲಿ ದ್ರೆಪುಂಗ್‌ನಲ್ಲೇ 20 ಭಿಕ್ಷುಣಿಯರು ಮೊದಲ ಬಾರಿಗೆ ಗೆಶೆಮಾ, ಅಂದರೆ ಹೆಣ್ಣುಮಕ್ಕಳ ಗೆಶೆ ಪದವಿ ಪಡೆದರು. ನಾಲ್ಕು ವರ್ಷಗಳಲ್ಲಿ ಹರಡಿದ ಪರೀಕ್ಷೆಯಲ್ಲಿ ಅವರು ಬರೆದಷ್ಟೇ ಎದ್ದುನಿಂತು ವಾದಿಸಬೇಕಿತ್ತು. ಶತಮಾನಗಳ ಕಾಲ ಗಂಡಸರಿಗಷ್ಟೇ ಸಿಗುತ್ತಿದ್ದ ಈ ಪದವಿಗಾಗಿ ಈಗ ಪ್ರತಿ ವರ್ಷ ಹೊಸ ಭಿಕ್ಷುಣಿಯರು ಪರೀಕ್ಷೆಗೆ ಕೂರುತ್ತಿದ್ದಾರೆ.